ತೋಟಕ್ಕೆ ಬಂದ ದೋಟಿ, ಮೈದಾನಕ್ಕೆ ಬಾರದ ಕೋಲು

ಕಾರ್ಕಳದ ಸುತ್ತಮುತ್ತಲಿನ ಅಡಿಕೆ ತೋಟಗಳಲ್ಲಿ ಕೆಲವು ವರ್ಷಗಳಿಂದ ಹೊಸದೊಂದು ಉಪಕರಣವು ಕಾಣಿಸಿಕೊಂಡಿದೆ. ಕಪ್ಪು ಬಣ್ಣದ, ನುಣುಪಾದ, ಒಂದರೊಳಗೊಂದು ಸೇರಿಕೊಳ್ಳುವ ಕೊಳವೆಗಳಿಂದಾದ ಆ ನೀಳವಾದ ಗಳುವನ್ನು ಕೃಷಿಕರು ಕಾರ್ಬನ್ ಫೈಬರ್ ದೋಟಿ ಎಂದು ಕರೆಯುತ್ತಾರೆ. ನೆಲದ ಮೇಲೆ ನಿಂತುಕೊಂಡೇ ಅಡಿಕೆಯ ಗೊನೆಯನ್ನು ಇಳಿಸುವುದಕ್ಕೂ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದಕ್ಕೂ ಅದು ಒದಗುತ್ತದೆ. ಮರವೇರುವವರು ದೊರೆಯುವುದು ದುರ್ಲಭವಾದುದರಿಂದ, ಬೆಲೆಯು ಹತ್ತಾರು ಸಾವಿರ ರೂಪಾಯಿಗಳಾದರೂ ಕೊಳ್ಳುವವರಿದ್ದಾರೆ. ವಿಮಾನದ ರೆಕ್ಕೆಗಳಿಗೆ ಬಳಕೆಯಾಗುವ ವಸ್ತುವೊಂದು ಹೀಗೆ ಸದ್ದಿಲ್ಲದೆ ನಮ್ಮ ಹಳ್ಳಿಯ ತೋಟವನ್ನು ಪ್ರವೇಶಿಸಿರುವುದು ಸಂತೋಷದ ಸಂಗತಿಯೇ ಸರಿ.

ತೋಟದಿಂದ ಹೊರಬಿದ್ದು, ಅದೇ ಊರಿನ ಪ್ರೌಢಶಾಲೆಯ ಮೈದಾನದತ್ತ ನಾಲ್ಕು ಹೆಜ್ಜೆ ಇಡೋಣ. ಓಟಕ್ಕೆ ಸುಣ್ಣದ ಗೆರೆಗಳುಂಟು. ಉದ್ದ ನೆಗೆತಕ್ಕೆ ಹೊಯಿಗೆಯ ಗುಂಡಿಯುಂಟು. ಗುಂಡು, ಚಕ್ರಗಳೂ ಉಂಟು. ಆದರೆ ಕೋಲನ್ನೂರಿ ಎತ್ತರಕ್ಕೆ ನೆಗೆಯುವ ಆಟ, ಎಂದರೆ ಪೋಲ್ ವಾಲ್ಟ್, ಬಹುತೇಕ ಮೈದಾನಗಳಲ್ಲಿ ಇಲ್ಲ. ಅದರ ಹೆಸರನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕೋಲನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದವರು ಮಾತ್ರ ನಮಗೆ ಬಹಳ ಅಪರೂಪವಾಗಿ ಸಿಕ್ಕಿದ್ದಾರೆ. ಅಪಾಯದ ಆಟ, ದುಡ್ಡಿನ ಆಟ, ನಮ್ಮವರಿಗೆ ಒಗ್ಗದ ಆಟ ಎಂದು ಇದಕ್ಕೆ ಮೂರು ಕಾರಣಗಳನ್ನು ಹೇಳುವುದುಂಟು. ಇವುಗಳಲ್ಲಿ ಮೂರನೆಯದು ಶುದ್ಧ ಸುಳ್ಳು. ಮೊದಲಿನ ಎರಡು ನಿಜವಾದರೂ ಪರಿಹಾರವಿಲ್ಲದವಲ್ಲ. ಈ ಅಭಿಪ್ರಾಯಕ್ಕೆ ನಮ್ಮ ಆಧಾರ ದೇಶಾಭಿಮಾನವಲ್ಲ, ಪ್ರೌಢಶಾಲೆಯ ಭೌತಶಾಸ್ತ್ರ.

ಈ ಆಟದ ಮೂಲವು ಪ್ರಾಯಶಃ ಆಟವೇ ಅಲ್ಲ. ಹಾಲೆಂಡಿನಂತಹ ತಗ್ಗುನಾಡುಗಳಲ್ಲಿ ಹೊಲಗಳ ನಡುವೆ ಹರಿಯುವ ಕಾಲುವೆಗಳನ್ನು ದಾಟಲು ಜನರು ಉದ್ದನೆಯ ಕೋಲನ್ನು ನೀರಿನ ನಡುವೆ ಊರಿ ಆಚೆ ದಡಕ್ಕೆ ಹಾರುತ್ತಿದ್ದರು. ನಮ್ಮ ಕಡೆ ಮಳೆಗಾಲದಲ್ಲಿ ಗದ್ದೆಯ ತೋಡನ್ನು ದಾಟುವ ಹುಡುಗನು ಕೈಗೆ ಸಿಕ್ಕ ಬಿದಿರನ್ನು ಹೀಗೆಯೇ ಉಪಯೋಗಿಸಿಕೊಳ್ಳುವುದನ್ನು ಬಲ್ಲವರು ಬಲ್ಲರು. ದೂರಕ್ಕೆ ಹಾರುವ ಉಪಾಯವು ಹತ್ತೊಂಬತ್ತನೆಯ ಶತಮಾನದಲ್ಲಿ ಎತ್ತರಕ್ಕೆ ಹಾರುವ ಸ್ಪರ್ಧೆಯಾಯಿತು. 1896ರ ಅಥೆನ್ಸ್ ಒಲಿಂಪಿಕ್ಸಿನಿಂದಲೂ ಪುರುಷರಿಗೆ ಈ ಸ್ಪರ್ಧೆಯಿದೆ. ಮಹಿಳೆಯರಿಗೆ ಆ ಅವಕಾಶ ದೊರೆತುದು 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ, ಎಂದರೆ ನೂರಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ!

ಆರಂಭದಲ್ಲಿ ಗಟ್ಟಿಮರದ ಕೋಲುಗಳಿದ್ದುವು. ಅವು ಭಾರವಾಗಿದ್ದುದರಿಂದ ಅವುಗಳ ಸ್ಥಾನಕ್ಕೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಿದಿರು ಬಂತು. ಹಗುರ, ಟೊಳ್ಳು, ಬಳುಕಿದರೂ ಥಟ್ಟನೆ ಮುರಿಯದ ಬಿದಿರು ಪ್ರಕೃತಿಯೇ ನಿರ್ಮಿಸಿದ ಕೊಳವೆ. ಅದರ ಅಡ್ಡಕೊಯ್ತವನ್ನು ಭೂತಗನ್ನಡಿಯಿಂದ ನೋಡಿದರೆ ನಾರುಗಳು ಹೊರಮೈಯತ್ತ ದಟ್ಟವಾಗಿಯೂ ಒಳಮೈಯತ್ತ ವಿರಳವಾಗಿಯೂ ಇರುವುದು ಕಾಣುತ್ತದೆ. ಬಾಗುವ ವಸ್ತುವಿನಲ್ಲಿ ಅತ್ಯಧಿಕ ಎಳೆತವೂ ಒತ್ತಡವೂ ಬೀಳುವುದು ಹೊರಮೈಯ ಮೇಲೆಯೇ. ನಾರು ಎಲ್ಲಿ ಬೇಕೋ ಅಲ್ಲಿಯೇ ಇದೆ! 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಜಪಾನಿನ ನಿಶಿದ ಮತ್ತು ಓಎ ಎಂಬಿಬ್ಬರು ಗೆಳೆಯರು 4.25 ಮೀಟರಿನಲ್ಲಿ ಸಮಸಮವಾಗಿ ನಿಂತರು. ಬಳಿಕ ತಮಗೆ ಬಂದ ಬೆಳ್ಳಿ ಮತ್ತು ಕಂಚಿನ ಪದಕಗಳನ್ನು ಅರ್ಧರ್ಧ ಕೊಯ್ಯಿಸಿ, ಒಂದರ ಅರ್ಧವನ್ನು ಮತ್ತೊಂದರ ಅರ್ಧಕ್ಕೆ ಬೆಸೆಯಿಸಿಕೊಂಡರು. ಅಮೆರಿಕದ ಕಾರ್ನೆಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ ಬಿದಿರನ್ನು ಹಿಡಿದೇ 4.77 ಮೀಟರ್ ನೆಗೆದನು.

ಇಲ್ಲಿಂದ ಮುಂದಿನ ಅಂಕಿಗಳನ್ನು ನಮ್ಮ ತರುಣ ವಾಚಕರು ಗಮನವಿಟ್ಟು ನೋಡಬೇಕು. ಯುದ್ಧಕಾಲದಲ್ಲಿ ಜಪಾನಿನ ಬಿದಿರು ಹೊರದೇಶಗಳಿಗೆ ಸಿಗದಾಗಿ, ಉಕ್ಕು ಮತ್ತು ಅಲ್ಯುಮಿನಿಯಮ್ಮಿನ ಕೊಳವೆಗಳು ಬಳಕೆಗೆ ಬಂದುವು. ಇಷ್ಟಾದರೂ 1960ರಲ್ಲಿ ಡಾನ್ ಬ್ರ್ಯಾಗ್ ಸ್ಥಾಪಿಸಿದ ವಿಶ್ವದಾಖಲೆ 4.80 ಮೀಟರ್ ಮಾತ್ರ. ಹದಿನೆಂಟು ವರ್ಷಗಳಲ್ಲಿ ಮಾನವನು ಏರಿದುದು 3 ಸೆಂಟಿಮೀಟರ್! ಆಮೇಲೆ ಗಾಜಿನೆಳೆಯನ್ನು ಅಂಟಿನಲ್ಲಿ ಅದ್ದಿ ಸುತ್ತಿದ ಫೈಬರ್‌ಗ್ಲಾಸ್ ಕೋಲು ಬಂತು. 1961ರಲ್ಲಿ ಅದನ್ನು ಹಿಡಿದು ಜಾರ್ಜ್ ಡೇವಿಸ್ 4.83 ಮೀಟರ್ ನೆಗೆದನು. 1963ರ ಆಗಸ್ಟಿನಲ್ಲಿ ಜಾನ್ ಪೆನಲ್ 5.20 ಮೀಟರನ್ನು ದಾಟಿದನು. ಮೂರೇ ವರ್ಷಗಳಲ್ಲಿ 40 ಸೆಂಟಿಮೀಟರ್. ಈ ಮೂರು ವರ್ಷಗಳಲ್ಲಿ ಅಮೆರಿಕದ ಯುವಕರ ಕಾಲುಗಳಿಗೆ ಹೊಸ ಸ್ನಾಯುಗಳೇನಾದರೂ ಮೊಳೆತುವೇ? ಇಲ್ಲ. ಬದಲಾದುದು ಕೈಯಲ್ಲಿದ್ದ ಕೋಲು, ಮತ್ತು ಬೀಳುವಲ್ಲಿ ಹಾಸಿದ ಹಾಸಿಗೆ.

ಕೋಲು ಮಾಡುವ ಕೆಲಸವೇನು? ಅದು ನೆಗೆಯುವವನನ್ನು ಚಿಮ್ಮಿಸುವ ಬಿಲ್ಲು ಎಂದು ಹಲವರು ಭಾವಿಸಿದ್ದಾರೆ. ಬಿಲ್ಲಿಗೆ ಶಕ್ತಿಯು ಎಲ್ಲಿಂದ ಬಂತೆಂದು ಕೇಳಿದರೆ ತೊಡಕು ಬಿಡುತ್ತದೆ. ಓಡುವವನಲ್ಲಿ ಚಲನಶಕ್ತಿಯಿದೆ, ಮೇಲೇರಿದವನಲ್ಲಿ ಪ್ರಚ್ಛನ್ನ ಶಕ್ತಿಯಿದೆ. ಮೊದಲನೆಯದನ್ನು ಎರಡನೆಯದಾಗಿ ಬದಲಿಸುವ ದಲ್ಲಾಳಿಯೇ ಕೋಲು. ದಲ್ಲಾಳಿಯು ನಡುವೆ ಎಷ್ಟು ಕಡಿಮೆ ಕಬಳಿಸಿದರೆ ಅಷ್ಟು ಲಾಭ.

ಲೆಕ್ಕವು ಕಠಿಣವಲ್ಲ. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ, ಎಂದರೆ 19.6ರಿಂದ, ಭಾಗಿಸಿದರೆ ದೇಹವು ಎಷ್ಟು ಮೀಟರ್ ಏರಬಲ್ಲುದೆಂಬುದು ದೊರೆಯುತ್ತದೆ. ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಓಡಬಲ್ಲ ಹುಡುಗನನ್ನು ತೆಗೆದುಕೊಳ್ಳೋಣ. 49ನ್ನು 19.6ರಿಂದ ಭಾಗಿಸಿದರೆ 2.5 ಮೀಟರ್. ನಿಂತಾಗಲೇ ಅವನ ಗುರುತ್ವಕೇಂದ್ರವು ನೆಲದಿಂದ ಸುಮಾರು 1 ಮೀಟರ್ ಮೇಲಿರುತ್ತದಷ್ಟೆ. ಎರಡನ್ನೂ ಕೂಡಿದರೆ 3.5 ಮೀಟರ್. ವಿಶೇಷವೇನೆಂದರೆ ಈ ಲೆಕ್ಕದಲ್ಲಿ ತೂಕವು ಬರುವುದೇ ಇಲ್ಲ. ದಪ್ಪಗಿನವನಿಗೂ ತೆಳ್ಳಗಿನವನಿಗೂ ಒಂದೇ ನ್ಯಾಯ. ಸೆಕೆಂಡಿಗೆ 10 ಮೀಟರ್ ಓಡುವವನಿಗೆ ಇದೇ ಲೆಕ್ಕವು 6.1 ಮೀಟರನ್ನು ಕೊಡುತ್ತದೆ. ಕೋಲಿನಲ್ಲಿ ಒಂದಿಷ್ಟು ಶಕ್ತಿಯು ನಷ್ಟವಾಗುವುದೂ, ಕೊನೆಗೆ ತೋಳಿನಿಂದ ತಳ್ಳಿ ಒಂದಿಷ್ಟನ್ನು ಗಳಿಸುವುದೂ ಉಂಟು. ಸ್ವೀಡನ್ನಿನ ಅರ್ಮಾಂಡ್ ಡುಪ್ಲಾಂಟಿಸ್ 2025ರ ಸೆಪ್ಟೆಂಬರಿನಲ್ಲಿ ಟೋಕಿಯೋದಲ್ಲಿ 6.30 ಮೀಟರನ್ನು ದಾಟಿದನು. ಎತ್ತರವೆಷ್ಟೆಂದು ಊಹಿಸಲಾರದವರು ಕಾರ್ಕಳದ ಬೆಟ್ಟವನ್ನು ಹತ್ತಿ, 1432ರಲ್ಲಿ ಪ್ರತಿಷ್ಠಾಪಿತವಾದ 42 ಅಡಿಯ ಗೊಮ್ಮಟನ ಮುಂದೆ ನಿಲ್ಲಲಿ. ಆ ಮೂರ್ತಿಯ ಸರಿಸುಮಾರು ಅರ್ಧದಷ್ಟು ಎತ್ತರವನ್ನು ಮನುಷ್ಯನೊಬ್ಬನು ಕೋಲಿನ ನೆರವಿನಿಂದ ದಾಟಿದ್ದಾನೆ.

ಇನ್ನು ಬಾಗುವಿಕೆಯ ವಿಚಾರ. ಅಡಿಕೆ ಕೊಯ್ಯುವ ನುರಿತ ಆಳು ಒಂದು ಮರದ ಕೆಲಸ ಮುಗಿದೊಡನೆ ಕೆಳಗಿಳಿಯುವುದಿಲ್ಲ. ಮರದ ತುದಿಯಲ್ಲಿದ್ದುಕೊಂಡೇ ಮೈಯನ್ನು ತೂಗಿ, ಮರವನ್ನು ಬಗ್ಗಿಸಿ, ಪಕ್ಕದ ಮರವನ್ನು ಹಿಡಿದು ಅದಕ್ಕೆ ದಾಟಿಕೊಳ್ಳುತ್ತಾನೆ. ಅವನು ಬಿಟ್ಟ ಮರವು ಹಿಂದಕ್ಕೆ ಚಿಮ್ಮಿ ನೆಟ್ಟಗಾಗುತ್ತದೆ. ಅವನ ತೂಗಾಟವು ಬಾಗಿದ ಮರದಲ್ಲಿ ಸ್ಥಿತಿಸ್ಥಾಪಕ ಶಕ್ತಿಯಾಗಿ ಅಡಗಿತ್ತೆಂಬುದಕ್ಕೆ ಆ ಚಿಮ್ಮುವಿಕೆಯೇ ಸಾಕ್ಷಿ. ಫೈಬರ್‌ಗ್ಲಾಸ್ ಕೋಲೂ ಓಟದ ಶಕ್ತಿಯನ್ನು ಹೀಗೆಯೇ ಕ್ಷಣಕಾಲ ಒಳಗಿರಿಸಿಕೊಂಡು, ನೆಗೆಯುವವನು ತಲೆಕೆಳಗಾಗಿ ಸಿದ್ಧನಾದ ಮೇಲೆ ಹಿಂತಿರುಗಿಸುತ್ತದೆ. ಲಾಭವು ಇಷ್ಟೇ ಅಲ್ಲ. ಬಾಗಿದಾಗ ಕೋಲಿನ ಎರಡು ತುದಿಗಳ ನಡುವಣ ದೂರವು ಕಡಿಮೆಯಾಗುತ್ತದೆ. ಗಿಡ್ಡ ಕೋಲನ್ನು ಲಂಬಕ್ಕೆ ತಿರುಗಿಸುವುದು ಉದ್ದ ಕೋಲನ್ನು ತಿರುಗಿಸುವುದಕ್ಕಿಂತ ಸುಲಭ. ಆದುದರಿಂದ ಬಿದಿರಿನವನು ಹಿಡಿಯಲಾರದಷ್ಟು ಎತ್ತರದಲ್ಲಿ ಇವನು ಕೈಯಿಡಬಲ್ಲನು. ಪೆನಲನ 40 ಸೆಂಟಿಮೀಟರಿನ ಗುಟ್ಟಿನ ಬಹುಪಾಲು ಇಲ್ಲಿದೆ.

ಇಷ್ಟನ್ನು ಓದಿ ಯಾರೂ ಮನೆಯ ದೋಟಿಯನ್ನು ಎತ್ತಿಕೊಂಡು ಓಡಬಾರದು! ಇಂಗಾಲದ ಎಳೆಯ ದೋಟಿಯು ಬಾಗದೆ ನೆಟ್ಟಗಿರಲೆಂದೇ ಮಾಡಿದ ವಸ್ತು. ಮೇರೆ ಮೀರಿ ಬಾಗಿಸಿದರೆ ಸೀಳುತ್ತದೆ, ಕೊಳವೆಗಳು ಕೂಡುವ ಸಂದಿನಲ್ಲಿ ಮೊದಲು ಸೀಳುತ್ತದೆ. ಗಾಜಿನೆಳೆ ಅದಕ್ಕಿಂತ ಹೆಚ್ಚು ಹಿಗ್ಗಬಲ್ಲುದು. ಇದೇ ಕಾರಣದಿಂದ ನೆಗೆತದ ಕೋಲನ್ನು ದೋಟಿಯಂತೆ ಮಡಚಲು ಬರುವುದಿಲ್ಲ. ನಾಲ್ಕೈದು ಮೀಟರಿನ ಕೋಲು ಹೋದಲ್ಲೆಲ್ಲ ನಾಲ್ಕೈದು ಮೀಟರಾಗಿಯೇ ಹೋಗಬೇಕು. 2026ರ ಜನವರಿಯಲ್ಲಿ, ಮಂಗಳೂರು ಕಡೆ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು ಮುಗಿಸಿ ಹಿಂತಿರುಗುತ್ತಿದ್ದ ದೇವ್ ಮೀನಾ ಮತ್ತು ಕುಲದೀಪ್ ಯಾದವ್ ಎಂಬ ಇಬ್ಬರು ಅಗ್ರಗಣ್ಯ ನೆಗೆತಗಾರರನ್ನು ಈ ಕೋಲುಗಳ ಕಾರಣದಿಂದಲೇ ಪನ್ವೇಲ್ ನಿಲ್ದಾಣದಲ್ಲಿ ರೈಲಿನಿಂದ ಇಳಿಸಿ ಗಂಟೆಗಟ್ಟಲೆ ನಿಲ್ಲಿಸಿದುದು ಪತ್ರಿಕೆಗಳಲ್ಲಿ ಬಂತು. ಈ ದೇವ್ ಮೀನಾ ಮಧ್ಯಪ್ರದೇಶದ ರೈತ ಕುಟುಂಬದ ತರುಣ. 2025ರ ಫೆಬ್ರವರಿಯ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 5.32 ಮೀಟರನ್ನೂ, ಏಪ್ರಿಲಿನಲ್ಲಿ ಕೊಚ್ಚಿಯಲ್ಲಿ 5.35 ಮೀಟರನ್ನೂ ನೆಗೆದು ರಾಷ್ಟ್ರೀಯ ದಾಖಲೆಯನ್ನು ಎರಡು ಬಾರಿ ತಿದ್ದಿದವನು. ಮಹಿಳೆಯರಲ್ಲಿ ತಮಿಳುನಾಡಿನ ರೋಸಿ ಮೀನಾ ಪಾಲ್‌ರಾಜ್ 2022ರಲ್ಲಿ 4.20 ಮೀಟರನ್ನು ದಾಟಿ, ವಿ. ಎಸ್. ಸುರೇಖಾ ಅವರ 2014ರ 4.15 ಮೀಟರಿನ ದಾಖಲೆಯನ್ನು ಮುರಿದರು. ಒಗ್ಗದ ಆಟ ಎಂಬ ಮಾತಿಗೆ ಇಷ್ಟು ಉತ್ತರ ಸಾಕೆಂದು ತೋರುತ್ತದೆ.

ಕರಾವಳಿಯ ಮಕ್ಕಳಿಗಾದರೂ ಒಗ್ಗದೆಂದು ಯಾರು ಹೇಳಬೇಕು? ಓಡುತ್ತ ಅಡಚಣೆಗಳ ಮೇಲೆ ಹಾರುವ 400 ಮೀಟರ್ ಹರ್ಡಲ್ಸಿನಲ್ಲಿ 2010ರ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಗೆದ್ದ ಅಶ್ವಿನಿ ಅಕ್ಕುಂಜೆ ಉಡುಪಿ ಜಿಲ್ಲೆಯವರು. ಮಂಗಳೂರು ಸೀಮೆಯ ಸಹನಾ ಕುಮಾರಿ 2012ರಲ್ಲಿ, ಮೂವತ್ತರ ಗಡಿಯನ್ನು ದಾಟಿದ ಮೇಲೆ, ಹೈದರಾಬಾದಿನಲ್ಲಿ 1.92 ಮೀಟರ್ ಎತ್ತರ ನೆಗೆದು ರಾಷ್ಟ್ರೀಯ ದಾಖಲೆಯನ್ನು ಸ್ಥಾಪಿಸಿ, ಅದೇ ವರ್ಷ ಲಂಡನ್ ಒಲಿಂಪಿಕ್ಸಿಗೆ ಹೋದರು. ಓಟವಿದೆ, ನೆಗೆತವಿದೆ, ಇವೆರಡನ್ನೂ ಕೂಡಿಸುವ ಆಟವೊಂದು ಇಲ್ಲ.

ಸಹನಾ ಅವರ ಹೆಸರೆತ್ತಿದುದಕ್ಕೆ ಬೇರೊಂದು ಕಾರಣವೂ ಉಂಟು. ಎತ್ತರ ನೆಗೆತದಲ್ಲಿ ಇಂದು ಎಲ್ಲರೂ ಬೆನ್ನನ್ನು ಕೆಳಗೆ ಮಾಡಿ ಕಂಬಿಯನ್ನು ದಾಟುತ್ತಾರೆ. ಈ ವಿಧಾನವನ್ನು ಲೋಕಕ್ಕೆ ತೋರಿಸಿದವನು 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ 2.24 ಮೀಟರ್ ನೆಗೆದು ಗೆದ್ದ ಡಿಕ್ ಫಾಸ್ಬರಿ. ಅವನಿಗಿಂತ ಮೊದಲು ಯಾರಿಗೂ ಇದು ಹೊಳೆಯಲಿಲ್ಲವೇ ಎಂದು ನಾವು ಒಮ್ಮೆ ಸೋಜಿಗಪಟ್ಟಿದ್ದೆವು. ಹೊಯಿಗೆಯ ಗುಂಡಿಯೊಳಗೆ ಕತ್ತಿನ ಮೇಲೆ ಬೀಳುವುದು ಹೊಳೆದರೂ ಮಾಡುವವರಾರು! ಎತ್ತರವಾದ ಸ್ಪಂಜಿನ ಹಾಸಿಗೆ ಬಂದ ಮೇಲೆಯೇ ಆ ಜಾಣತನಕ್ಕೆ ಅವಕಾಶವಾಯಿತು.

ಹಾಸಿಗೆಯ ಲೆಕ್ಕವು ಕೋಲಿನ ಲೆಕ್ಕಕ್ಕಿಂತಲೂ ಸರಳ. ಬಿದ್ದ ಎತ್ತರವನ್ನು, ನಿಲ್ಲುವಾಗ ದೇಹವು ಕುಸಿಯುವ ಆಳದಿಂದ ಭಾಗಿಸಿದರೆ, ದೇಹಕ್ಕೆ ತಗಲುವ ಸರಾಸರಿ ಪೆಟ್ಟು ತೂಕದ ಎಷ್ಟು ಪಟ್ಟೆಂಬುದು ಸ್ಥೂಲವಾಗಿ ತಿಳಿಯುತ್ತದೆ. 3 ಮೀಟರಿನಿಂದ ಬಿದ್ದವನು ಹೊಯಿಗೆಯಲ್ಲಿ 15 ಸೆಂಟಿಮೀಟರ್ ಹುದುಗಿ ನಿಂತರೆ ಪೆಟ್ಟು ಅವನ ತೂಕದ ಸುಮಾರು ಇಪ್ಪತ್ತು ಪಟ್ಟು. 60 ಸೆಂಟಿಮೀಟರ್ ಕುಸಿಯುವ ಹಾಸಿಗೆಯಲ್ಲಾದರೆ ಸುಮಾರು ಐದು ಪಟ್ಟು. ಕಾಪುವಿನ ಕಡಲ ತೀರದ ಹೊಯಿಗೆ ಕಾಲಿಗೆ ಎಷ್ಟು ಮೆತ್ತಗೆ ತೋರಿದರೂ, ಮೂರು ಮೀಟರಿನಿಂದ ಬೆನ್ನಿನ ಮೇಲೆ ಬಿದ್ದವನಿಗೆ ಅದು ಮೆತ್ತಗಿರದು. ಮಳೆಗೆ ನೆನೆದು ಗಟ್ಟಿಯಾದ ಹೊಯಿಗೆಯ ಮಾತು ಬೇರೆ ಹೇಳಬೇಕಾಗಿಲ್ಲ.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತುದಲ್ಲ. ನಮ್ಮ ಬಾಲ್ಯದಲ್ಲಿ, ಇದೇ ಸೀಮೆಯ ಒಂದು ಶಾಲೆಯಲ್ಲಿ ಕೋಲು ನೆಗೆತವಿತ್ತು. ತೋಟದಿಂದ ಕಡಿದು ತಂದ ಬಿದಿರು, ಮುರಕಲ್ಲಿನ ನೆಲದಲ್ಲಿ ಹಾರೆಯಿಂದ ತೋಡಿದ ಕುಳಿ, ಬೀಳುವಲ್ಲಿ ಹೊಯಿಗೆ, ಅದರ ಮೇಲೆ ಒಂದೆರಡು ಹೊರೆ ಬೈಹುಲ್ಲು. ನಮ್ಮ ತರಗತಿಯಲ್ಲಿ ಒಬ್ಬನಿದ್ದನು. ಅಡಿಕೆ ಕೊಯ್ಯುವವರ ಮನೆಯ ಹುಡುಗ. ಮರದ ತುದಿಯಲ್ಲಿ ತೂಗಾಡುವುದನ್ನು ಕಂಡು ಬೆಳೆದವನಾದುದರಿಂದಲೋ ಏನೋ, ತಲೆಕೆಳಗಾಗುವುದಕ್ಕೆ ಅವನಿಗೆ ಅಂಜಿಕೆಯೇ ಇರಲಿಲ್ಲ. ನಾವೆಲ್ಲ ಕೋಲನ್ನು ಅಪ್ಪಿಕೊಂಡು ಆಚೆಗೆ ಬೀಳುತ್ತಿದ್ದೆವು. ಅವನೊಬ್ಬನು ನಿಜವಾಗಿ ನೆಗೆಯುತ್ತಿದ್ದನು. ಒಂದು ದಿನ ಬಿದಿರು ಗಿಣ್ಣಿನ ಬಳಿ ಉದ್ದಕ್ಕೆ ಸೀಳಿತು. ಹುಲ್ಲು ಹಾಸಿದ್ದ ಜಾಗದಿಂದ ಒಂದು ಮಾರು ಈಚೆಗೆ ಬಿದ್ದು, ಅವನ ಮಣಿಕಟ್ಟು ಮುರಿಯಿತು. ಮರುವರ್ಷ ಆ ಸ್ಪರ್ಧೆಯನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಹಿರಿಯರ ನಿರ್ಧಾರವನ್ನು ಆಗ ಮೆಚ್ಚಿದೆವು. ಈಗ ಯೋಚಿಸಿದರೆ, ಮುರಿದುದು ಬಿದಿರು, ತೆಗೆದುಹಾಕಿದುದು ಹುಡುಗನನ್ನು ಎನಿಸುತ್ತದೆ.

ಬಿದಿರಿನ ದೋಷವು ದುರ್ಬಲತೆಯಲ್ಲ, ಅನಿಶ್ಚಿತತೆ. ಒಂದೇ ಹಿಂಡಿಲಿನ ಎರಡು ಗಳುಗಳು ಒಂದೇ ಬಗೆಯಾಗಿರುವುದಿಲ್ಲ; ಒಣಗಿದಂತೆ ಒಂದೇ ಗಳುವಿನ ಗುಣವೂ ಬದಲಾಗುತ್ತದೆ. ಕಾರ್ಖಾನೆಯ ಕೋಲಿನ ಮೇಲೆ ಅದರ ಉದ್ದವನ್ನೂ, ಅದು ಎಷ್ಟು ತೂಕದವನಿಗೆ ತಕ್ಕುದೆಂಬುದನ್ನೂ ಬರೆದಿರುತ್ತಾರೆ. ಎರಡು ತುದಿಗಳಿಗೂ ಆಧಾರ ಕೊಟ್ಟು, ನಡುವೆ 50 ಪೌಂಡು, ಎಂದರೆ 22.7 ಕಿಲೋಗ್ರಾಂ ತೂಕವನ್ನು ತೂಗುಬಿಟ್ಟು, ನಡುಭಾಗವು ಎಷ್ಟು ಸೆಂಟಿಮೀಟರ್ ಜಗ್ಗಿತೆಂದು ಅಳೆದರೆ ಅದೇ ಆ ಕೋಲಿನ ಬಾಗುಸಂಖ್ಯೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೀಟರ್ ಪಟ್ಟಿಯನ್ನು ಬಗ್ಗಿಸಿ ಯಂಗನ ಗುಣಾಂಕವನ್ನು ಕಂಡುಹಿಡಿದ ವಿದ್ಯಾರ್ಥಿಗೆ ಇದರಲ್ಲಿ ಹೊಸದೇನೂ ಇಲ್ಲ.

ಇಲ್ಲಿಯೇ ಖರ್ಚಿನ ತೊಡಕೂ ಇರುವುದು. ಒಬ್ಬ ನೆಗೆತಗಾರನಿಗೆ ಒಂದು ಕೋಲು ಸಾಲದು. ಹುಡುಗನ ತೂಕವು 45 ಕಿಲೋಗ್ರಾಮಿನಿಂದ 60ಕ್ಕೆ ಏರುವುದರೊಳಗೆ, ವೇಗವೂ ಹೆಚ್ಚುತ್ತ ಹೋಗುವುದರೊಳಗೆ, ಅವನಿಗೆ ಹಲವು ಕೋಲುಗಳು ಬೇಕಾಗುತ್ತವೆ. ತನ್ನ ತೂಕಕ್ಕಿಂತ ಕಡಿಮೆ ತೂಕದವನ ಕೋಲನ್ನು ಹಿಡಿದರೆ ಅದು ಮುರಿದೀತು. ತೀರ ಗಡುಸಾದುದನ್ನು ಹಿಡಿದರೆ ಅದು ಲಂಬಕ್ಕೆ ಬಾರದೆ ಅವನನ್ನು ಓಟದ ಹಾದಿಗೇ ಹಿಂದಕ್ಕೆಸೆದೀತು. ಒಂದೊಂದು ಕೋಲಿನ ಬೆಲೆಯೂ ಹತ್ತಾರು ಸಾವಿರ ರೂಪಾಯಿ. ಯಾವ ತಂದೆ ತಾಯಿ ತಾನೇ ವರ್ಷಕ್ಕೊಂದನ್ನು ಕೊಂಡುಕೊಡಬಲ್ಲರು? ಡುಪ್ಲಾಂಟಿಸನ ತಂದೆಯು ಸ್ವತಃ 5.80 ಮೀಟರ್ ನೆಗೆದವನು; ಅಮೆರಿಕದ ಲೂಯಿಸಿಯಾನದಲ್ಲಿದ್ದ ಅವರ ಮನೆಯ ಹಿತ್ತಿಲಿನಲ್ಲೇ ಓಟದ ಹಾದಿಯೂ ಹಾಸಿಗೆಯೂ ಇದ್ದುವು. ಮಗನು ಮೂರು ನಾಲ್ಕು ವರ್ಷದ ಕೂಸಾಗಿದ್ದಾಗಲೇ ಅಲ್ಲಿ ಆಡತೊಡಗಿದನು. ಅವನ ಪ್ರತಿಭೆಯನ್ನು ನಾವು ಕಡಿಮೆ ಮಾಡುತ್ತಿಲ್ಲ. ಹಿತ್ತಿಲಿನಲ್ಲಿ ಅಡಿಕೆ ಮರವಿದ್ದವನು ಅಡಿಕೆ ಮರ ಹತ್ತುವುದನ್ನು ಕಲಿಯುತ್ತಾನೆ ಎಂಬುದಷ್ಟೇ ನಮ್ಮ ಮಾತು.

ಇದಕ್ಕೆ ಒಂದು ಆಕ್ಷೇಪಣೆಯನ್ನು ನಾವು ಕೇಳಿದ್ದೇವೆ. ಹರಿಯಾಣದ ಗಾರೆ ಕೆಲಸಗಾರರೊಬ್ಬರ ಮಗಳು ಪೂಜಾ ಸಿಂಗ್ ಬಿದಿರಿನ ಕಂಬಿಯನ್ನೂ ಹುಲ್ಲು ತುಂಬಿದ ಚೀಲಗಳನ್ನೂ ಇಟ್ಟುಕೊಂಡು ಎತ್ತರ ನೆಗೆತವನ್ನು ಕಲಿತು, 2025ರಲ್ಲಿ ಕೊರಿಯದ ಗುಮಿಯಲ್ಲಿ 1.89 ಮೀಟರ್ ನೆಗೆದು ಏಷ್ಯದ ಚಾಂಪಿಯನ್ನಳಾಗಲಿಲ್ಲವೇ? ಛಲವಿದ್ದರೆ ಸಾಲದೇ? ಆಕೆಯ ಛಲಕ್ಕೆ ನಾವೂ ತಲೆಬಾಗುತ್ತೇವೆ. ಆದರೆ ವಿಜ್ಞಾನದ ವಿದ್ಯಾರ್ಥಿಯು ಇಂತಹ ಉದಾಹರಣೆಯನ್ನು ಒಪ್ಪುವ ಮೊದಲು ಒಂದು ಪ್ರಶ್ನೆಯನ್ನು ಕೇಳಬೇಕು. ಹುಲ್ಲಿನ ಚೀಲದ ಮೇಲೆ ಬಿದ್ದು ಸೊಂಟ ನೊಂದವರ, ಕೈ ಮುರಿದವರ, ಅಂಜಿ ಬಿಟ್ಟವರ ಹೆಸರುಗಳೆಲ್ಲಿ? ಗೆದ್ದವರನ್ನು ಮಾತ್ರ ಎಣಿಸಿ ಉಪಕರಣವು ಅನಗತ್ಯವೆನ್ನುವುದು, ಹೊಳೆಯನ್ನು ಈಜಿ ದಾಟಿದವರನ್ನು ಮಾತ್ರ ವಿಚಾರಿಸಿ ಸೇತುವೆಯು ಬೇಡವೆಂದಂತೆ. ಮೇಲಾಗಿ, ಎರಡು ಮೀಟರಿನಿಂದ ಬೀಳುವುದಕ್ಕೂ ನಾಲ್ಕು ಮೀಟರಿನಿಂದ ಬೀಳುವುದಕ್ಕೂ ಇರುವ ಅಂತರವನ್ನು ಛಲವು ತುಂಬಲಾರದು.

ಹಾಗಾದರೆ ಮಾಡಬೇಕಾದುದೇನು? ಪ್ರತಿಯೊಂದು ಶಾಲೆಗೂ ಕೋಲು ಹಾಸಿಗೆಗಳನ್ನು ಒದಗಿಸಿರೆಂದು ನಾವು ಕೇಳುವುದಿಲ್ಲ. ಅದು ಆಗುವ ಮಾತಲ್ಲ, ಆಗಬೇಕಾದುದೂ ಅಲ್ಲ. ಪುಸ್ತಕಗಳಿಗೆ ಗ್ರಂಥಾಲಯವಿರುವಂತೆ ಕೋಲುಗಳಿಗೆ ಒಂದು ಭಂಡಾರವಿರಲಿ. ಉಡುಪಿಯ ಅಜ್ಜರಕಾಡಿನಲ್ಲಿ ಕೃತಕ ಓಟದ ಹಾದಿಯುಳ್ಳ ಜಿಲ್ಲಾ ಕ್ರೀಡಾಂಗಣವಿದೆ. ಬೇರೆ ಬೇರೆ ತೂಕಕ್ಕೆ ತಕ್ಕ ಇಪ್ಪತ್ತು ಕೋಲುಗಳನ್ನು ಅಲ್ಲಿ ಇಟ್ಟುಕೊಂಡರೆ, ಒಬ್ಬ ಹುಡುಗ ಬೆಳೆದು ಬಿಟ್ಟ ಕೋಲನ್ನು ಮತ್ತೊಬ್ಬಳು ಹಿಡಿಯಬಹುದು. ಚೆನ್ನಾಗಿ ನೋಡಿಕೊಂಡ ಕೋಲು ಹಲವು ವರ್ಷ ಬಾಳುತ್ತದೆ. ಕಾರ್ಕಳದಲ್ಲೊಂದು, ಕಾಪುವಿನಲ್ಲೊಂದು ಹಾಸಿಗೆಯಿದ್ದರೆ ಸದ್ಯಕ್ಕೆ ಸಾಕು. ಅವಕ್ಕೆ ಸೂರು ಮಾತ್ರ ಅವಶ್ಯ. ನಮ್ಮ ಕಡೆಯ ಮಳೆಯನ್ನು ಅರಿಯದವರು ಹಾಸಿಗೆಯನ್ನು ಬಯಲಿನಲ್ಲಿ ಬಿಟ್ಟರೆ, ಒಂದೇ ಆಷಾಢದಲ್ಲಿ ಅದು ನೀರು ಕುಡಿದು ಕೊಳೆತುಹೋದೀತು. ಓಟದ ಹಾದಿಗೆ 40 ಮೀಟರ್ ಉದ್ದವೂ 1.22 ಮೀಟರ್ ಅಗಲವೂ ಸಾಕು. ಕೋಲನ್ನೂರುವ ಪೆಟ್ಟಿಗೆಯನ್ನು 1 ಮೀಟರ್ ಉದ್ದಕ್ಕೆ, ಕೊನೆಯಲ್ಲಿ 20 ಸೆಂಟಿಮೀಟರ್ ಆಳಕ್ಕೆ ಇಳಿಯುವಂತೆ, ಊರಿನ ವೆಲ್ಡಿಂಗ್ ಅಂಗಡಿಯವನೇ ತಗಡಿನಲ್ಲಿ ಮಾಡಿಕೊಡಬಲ್ಲನು.

ಇನ್ನು ಮಣಿಪಾಲ. ಮುರಕಲ್ಲಿನ ಬೋಳುಗುಡ್ಡದ ಮೇಲೆ ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ವೈದ್ಯಕೀಯ ಕಾಲೇಜನ್ನೂ 1957ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ಆರಂಭಿಸಿದಾಗ ಅದನ್ನು ಸಾಹಸವೆಂದವರಿದ್ದರು. ಇಂದು ಎಳೆ ಮತ್ತು ಅಂಟುಗಳಿಂದಾದ ಮಿಶ್ರವಸ್ತುಗಳು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪಾಠದಲ್ಲಿವೆ. ಮೂಳೆ ಕೀಲುಗಳ ಪೆಟ್ಟನ್ನು ಬಲ್ಲ ವೈದ್ಯರು ಅದೇ ಗುಡ್ಡದ ಮೇಲಿದ್ದಾರೆ. ಅಂತರರಾಷ್ಟ್ರೀಯ ನಿಯಮವಾದರೋ ಬಹಳ ಉದಾರವಾಗಿದೆ: ಕೋಲು ಯಾವ ವಸ್ತುವಿನದಾದರೂ ಆಗಬಹುದು, ಎಷ್ಟು ಉದ್ದ ದಪ್ಪವಾದರೂ ಇರಬಹುದು, ಮೈ ನುಣುಪಾಗಿದ್ದರೆ ಸಾಕು. ಕ್ರೀಡೆಗಳಲ್ಲಿ ಇಷ್ಟು ಸ್ವಾತಂತ್ರ್ಯವನ್ನು ಎಂಜಿನಿಯರನಿಗೆ ಬಿಟ್ಟುಕೊಟ್ಟ ನಿಯಮವು ವಿರಳ. ಕರಾವಳಿಯ ವಿದ್ಯಾರ್ಥಿಗಳು ತಮ್ಮ ಅಂತಿಮ ವರ್ಷದ ಯೋಜನೆಗೆ ವಿಷಯವನ್ನು ಹುಡುಕಿಕೊಂಡು ದೂರ ಹೋಗಬೇಕೇಕೆ? 45 ಕಿಲೋಗ್ರಾಂ ತೂಕದ ಹುಡುಗಿಗೆ ತಕ್ಕ 3.5 ಮೀಟರಿನ ಕೋಲೊಂದನ್ನು ತಯಾರಿಸಿ, ಅದನ್ನು ಯಂತ್ರದಲ್ಲಿ ಸಾವಿರಾರು ಸಲ ಬಗ್ಗಿಸಿ ನೋಡಲಿ. ಮನುಷ್ಯನ ಕೈಗೆ ಕೊಡುವುದು ಆಮೇಲಿನ ಮಾತು, ಅವಸರವಿಲ್ಲ. ಮೊದಲ ಹತ್ತು ಕೋಲುಗಳು ಯಂತ್ರದಲ್ಲಿಯೇ ಮುರಿದರೂ ಚಿಂತೆಯಿಲ್ಲ. ಮಣಿಕಟ್ಟು ಮುರಿಯುವುದಕ್ಕಿಂತ ಅದು ಅಗ್ಗ.

ಪದಕ ಗೆದ್ದವರನ್ನು ಬರಮಾಡಿಕೊಳ್ಳುವುದರಲ್ಲಿ ನಮ್ಮ ಜಿಲ್ಲೆಯು ಯಾರಿಗೂ ಕಡಿಮೆಯಿಲ್ಲ. ಶಾಲು, ಹಾರ, ಫಲವಸ್ತುಗಳು ಸಿದ್ಧವಾಗಿರುತ್ತವೆ. ದಾರಿಯುದ್ದಕ್ಕೂ ಫ್ಲೆಕ್ಸ್ ಹಲಗೆಗಳು ನಿಲ್ಲುತ್ತವೆ. ಅವುಗಳಿಗೆ ಕೊಡುವ ದುಡ್ಡಿನ ಒಂದಂಶವು ನೆಗೆಯುವುದಕ್ಕೆ ಮೊದಲೇ ದೊರೆತರೆ ಒಳ್ಳೆಯದೆಂದು ಯಾರಾದರೂ ದಾನಿಗಳಿಗೆ ನೆನಪಿಸಬೇಕು. ನಾವು ಈಗ ನೆನಪಿಸಿದ್ದೇವೆ.

ನಮ್ಮ ವಾಚಕರು ಇದಕ್ಕಾಗಿ ಕಾಯಬೇಕಾಗಿಲ್ಲ. ಶಾಲೆಯ ಮೈದಾನದಲ್ಲಿ 40 ಮೀಟರನ್ನು ಅಳೆದು, ಕೊನೆಯ 10 ಮೀಟರಿನ ಎರಡು ತುದಿಗಳಲ್ಲಿ ಕಡ್ಡಿಗಳನ್ನು ನೆಡಿರಿ. ಗೆಳೆಯನೊಬ್ಬನು ಗಡಿಯಾರವನ್ನು ಹಿಡಿದು ನಿಲ್ಲಲಿ. ಬರಿಗೈಯಲ್ಲಿ ಮೂರು ಸಲ, ಮೂರೂವರೆ ಮೀಟರ್ ಉದ್ದದ ಹಗುರವಾದ ಬಿದಿರನ್ನು ಹಿಡಿದುಕೊಂಡು ಮೂರು ಸಲ ಓಡಿರಿ. ಓಡುವುದು ಮಾತ್ರ, ಊರುವುದು ಬೇಡ. 10ನ್ನು ಸೆಕೆಂಡುಗಳಿಂದ ಭಾಗಿಸಿದರೆ ವೇಗ. ವೇಗದ ವರ್ಗವನ್ನು 19.6ರಿಂದ ಭಾಗಿಸಿ, 1 ಮೀಟರನ್ನು ಕೂಡಿಸಿರಿ. ಬಂದ ಸಂಖ್ಯೆಯನ್ನು ನಿಮ್ಮ ಹೆಸರು, ತರಗತಿಗಳೊಡನೆ ಒಂದು ಕಾಗದದಲ್ಲಿ ಬರೆದು ನಿಮ್ಮ ವ್ಯಾಯಾಮ ಶಿಕ್ಷಕರ ಮೇಜಿನ ಮೇಲಿಡಿರಿ. ಬಿದಿರನ್ನು ಹಿಡಿದಾಗ ವೇಗವು ಎಷ್ಟು ಕುಗ್ಗಿತೆಂಬುದನ್ನು ನಮಗೂ ತಿಳಿಸಿರಿ. ಬರುವ ಸಂಚಿಕೆಗಳಲ್ಲಿ ಆ ಲೆಕ್ಕಗಳನ್ನು ಪ್ರಕಟಿಸುವ ಆಸೆಯಿದೆ.